ಊರಿನ ಇಂಧನ, ಊರಿನ ಲೆಕ್ಕ



ಹಸು ನಮಗೆ ದಿನವೂ ಎರಡು ಉತ್ಪನ್ನ ಕೊಡುತ್ತದೆ. ಒಂದು ಹಾಲು, ಇನ್ನೊಂದು ಸಗಣಿ. ಹಾಲನ್ನು ನಾವು ಅಳತೆ ಮಾಡಿ, ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನೋಡಿ, ಪುಸ್ತಕದಲ್ಲಿ ಬರೆಸಿ, ಬಟವಾಡೆ ಪಡೆಯುತ್ತೇವೆ. ಸಗಣಿಯನ್ನು ಮಾತ್ರ ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಸುರಿದು ಕೈ ತೊಳೆದುಕೊಳ್ಳುತ್ತೇವೆ. ದಿನಕ್ಕೆ ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ಹದಿನೈದರಿಂದ ಇಪ್ಪತ್ತು ಕೆ.ಜಿ. ಸಗಣಿ ಹಾಕುತ್ತದೆ. ತೂಕದಲ್ಲಿ ಹೆಚ್ಚಿರುವುದು ಲೆಕ್ಕವಿಲ್ಲದ ಈ ಉತ್ಪನ್ನವೇ.

ಈ ಲೆಕ್ಕವಿಲ್ಲದ ಉತ್ಪನ್ನದಿಂದ ಊರಿಗೆ ಒಲೆಯುರಿ, ಕುಡಿಯುವ ನೀರು, ಬೀದಿ ದೀಪ ಸಿಗಬಹುದೇ? ಹವಾಮಾನ ಬದಲಾವಣೆಯನ್ನು ತಡೆಯುವ ಕೆಲಸದಲ್ಲಿ ಒಂದು ಗ್ರಾಮ ಪಂಚಾಯಿತಿ ಮತ್ತು ಒಂದು ಹಾಲು ಸಂಘ ಸೇರಿ ಏನಾದರೂ ಮಾಡಲು ಸಾಧ್ಯವೇ? ಸಾಧ್ಯ ಎಂದು ಕೆಲವು ಊರುಗಳು ತೋರಿಸಿವೆ. ಎಲ್ಲಿ ಎಡವಬಹುದು ಎಂಬುದನ್ನೂ ಅವೇ ಊರುಗಳು ಕಲಿಸಿವೆ. ಈ ಪಾಠದಲ್ಲಿ ಅವೆರಡನ್ನೂ ತಿಳಿಯೋಣ.

ಹವಾಮಾನಕ್ಕೂ ಕೊಟ್ಟಿಗೆಗೂ ಏನು ಸಂಬಂಧ?

ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಉರಿಸಿದಾಗ ಬರುವ ಇಂಗಾಲದ ಡೈ ಆಕ್ಸೈಡ್ ಭೂಮಿಯ ಸುತ್ತ ಕಂಬಳಿ ಹೊದಿಸಿದಂತೆ ಶಾಖವನ್ನು ಹಿಡಿದಿಡುತ್ತದೆ. ಇದರ ಜೊತೆಗೆ ಮೀಥೇನ್ ಎಂಬ ಅನಿಲವೂ ಇದೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕೆ.ಜಿ. ಮೀಥೇನ್ ಸುಮಾರು 28 ಕೆ.ಜಿ. ಇಂಗಾಲದ ಡೈ ಆಕ್ಸೈಡಿನಷ್ಟು ಶಾಖ ಹಿಡಿಯುತ್ತದೆ. ದನಗಳು ಮೆಲುಕು ಹಾಕುವಾಗ ತೇಗಿನ ಮೂಲಕ ಮೀಥೇನ್ ಬಿಡುತ್ತವೆ. ಸಗಣಿ ಗಾಳಿಯಾಡದೆ ನೀರಿನಲ್ಲಿ ಕೊಳೆತಾಗಲೂ ಮೀಥೇನ್ ಹುಟ್ಟುತ್ತದೆ.

ಹೀಗೆಂದ ಮಾತ್ರಕ್ಕೆ ಎರಡು ಹಸು ಸಾಕಿದ ರೈತನೇ ಭೂಮಿಯನ್ನು ಬಿಸಿ ಮಾಡುತ್ತಿದ್ದಾನೆ ಎಂದು ಯಾರೂ ಹೇಳುವಂತಿಲ್ಲ. ಆದರೆ ಬಿಸಿಲಿನ ಪೆಟ್ಟು ಮೊದಲು ತಟ್ಟುವವರಲ್ಲಿ ನಾವೂ ಇದ್ದೇವೆ. ಸೆಖೆ ಹೆಚ್ಚಾದಾಗ ಮಿಶ್ರತಳಿ ರಾಸುಗಳು ಮೇವು ಕಡಿಮೆ ತಿನ್ನುತ್ತವೆ, ಹಾಲು ಇಳಿಯುತ್ತದೆ, ಬೆದೆ ಸರಿಯಾಗಿ ಕಾಣುವುದಿಲ್ಲ, ಗರ್ಭ ನಿಲ್ಲುವುದು ತಡವಾಗುತ್ತದೆ. ಮಳೆ ತಪ್ಪಿದ ವರ್ಷ ಹಸಿರು ಮೇವಿಲ್ಲ, ಒಣ ಮೇವಿನ ಬೆಲೆ ಏರುತ್ತದೆ. ಆದ್ದರಿಂದ ಈ ವಿಷಯ ದೊಡ್ಡ ದೇಶಗಳ ಸಭೆಗಳಿಗೆ ಮಾತ್ರ ಸೇರಿದ್ದಲ್ಲ, ನಮ್ಮ ಬಟವಾಡೆ ಪುಸ್ತಕಕ್ಕೂ ಸೇರಿದ್ದು.

ತೇಗಿನಿಂದ ಬರುವ ಮೀಥೇನನ್ನು ಗೋಬರ್ ಗ್ಯಾಸ್ ಘಟಕ ತಡೆಯಲಾರದು. ಅದಕ್ಕೆ ಸಮತೋಲನ ಆಹಾರ, ಒಳ್ಳೆಯ ಮೇವು, ಖನಿಜ ಮಿಶ್ರಣವೇ ದಾರಿ. ಹಾಗೆ ಮಾಡಿದರೆ ಒಂದೊಂದು ಲೀಟರ್ ಹಾಲಿನ ಲೆಕ್ಕದಲ್ಲಿ ಮೀಥೇನ್ ಕಡಿಮೆಯಾಗುತ್ತದೆ. ಸಗಣಿಯ ಮೀಥೇನನ್ನು ಮಾತ್ರ ನಾವು ಮುಚ್ಚಿದ ತೊಟ್ಟಿಯಲ್ಲಿ ಹಿಡಿದು ಉರಿಸಬಹುದು. ಉರಿಸಿದಾಗ ಅದು ಒಲೆಗೆ ಒದಗುತ್ತದೆ, ಸೌದೆ, ಸಿಲಿಂಡರ್ ಅಥವಾ ಡೀಸೆಲ್ ಉಳಿಯುತ್ತದೆ. ಲಾಭ ಎರಡು ಕಡೆಯಿಂದ.

ಸಗಣಿಯಲ್ಲಿರುವ ಶಕ್ತಿ ಎಷ್ಟು?

ಈ ಕೆಳಗಿನ ಅಂಕಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

1. ಒಂದು ಕೆ.ಜಿ. ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. ಅಂದರೆ 25 ಕೆ.ಜಿ. ಸಗಣಿಗೆ ಒಂದು ಘನ ಮೀಟರ್. ಚಳಿಗಾಲದಲ್ಲಿ ಇದು ಕಡಿಮೆಯಾಗುತ್ತದೆ.

2. ಎರಡು ಘನ ಮೀಟರ್ ಘಟಕಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ಕಟ್ಟಿ ಮೇಯಿಸುವ ಮೂರು ನಾಲ್ಕು ಮಿಶ್ರತಳಿ ರಾಸುಗಳಿದ್ದರೆ ಇದು ಸಾಧ್ಯ.

3. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 430 ಗ್ರಾಂ ಅಡುಗೆ ಅನಿಲಕ್ಕೆ ಸಮ. ಎರಡು ಘನ ಮೀಟರ್ ಘಟಕ ಪೂರ್ತಿ ನಡೆದರೆ ತಿಂಗಳಿಗೆ 25 ಕೆ.ಜಿ.ಗೂ ಹೆಚ್ಚು ಅಡುಗೆ ಅನಿಲದಷ್ಟು ಉರಿ. ಒಂದು ಸಿಲಿಂಡರಿನಲ್ಲಿ 14.2 ಕೆ.ಜಿ. ಇರುತ್ತದೆ ಎಂಬುದನ್ನು ಗಮನಿಸಿದರೆ, ಇದು ಎರಡು ಸಿಲಿಂಡರಿಗೆ ಸ್ವಲ್ಪ ಕಡಿಮೆ.

4. ಐದು ಜನರ ಮನೆಯ ಅಡುಗೆಗೆ ದಿನಕ್ಕೆ ಒಂದೂಕಾಲರಿಂದ ಒಂದೂವರೆ ಘನ ಮೀಟರ್ ಗ್ಯಾಸ್ ಬೇಕು.

5. ಎಂಜಿನ್ ಓಡಿಸಿ ಕರೆಂಟ್ ಮಾಡಿದರೆ ಒಂದು ಘನ ಮೀಟರಿಗೆ ಒಂದೂಕಾಲು ಯೂನಿಟ್ ಎಂದು ಇಟ್ಟುಕೊಳ್ಳಬಹುದು.

ಗ್ಯಾಸ್ ತೆಗೆದರೆ ಗೊಬ್ಬರದ ಸತ್ವ ಹೋಗುತ್ತದೆ ಎಂಬ ಮಾತು ಇಂದಿಗೂ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. ಗ್ಯಾಸಿನಲ್ಲಿ ಹೋಗುವುದು ಮುಖ್ಯವಾಗಿ ಇಂಗಾಲ ಮತ್ತು ಜಲಜನಕ. ಸಾರಜನಕ, ರಂಜಕ, ಪೊಟ್ಯಾಷ್ ಬಗ್ಗಡದಲ್ಲೇ ಉಳಿಯುತ್ತವೆ. ಆದರೆ ಬಗ್ಗಡವನ್ನು ಬಿಸಿಲಿನಲ್ಲಿ ಹರಡಿ ಒಣಗಿಸಿದರೆ ಸಾರಜನಕದ ಒಂದು ಭಾಗ ಗಾಳಿಗೆ ಹೋಗುತ್ತದೆ. ಒಣ ಎಲೆ, ಕಳೆ, ರವದಿಯ ಮೇಲೆ ಸುರಿದು ಕಾಂಪೋಸ್ಟ್ ಮಾಡುವುದು ಅಥವಾ ಹಸಿಯಾಗಿಯೇ ಹೊಲಕ್ಕೆ ಹಾಯಿಸುವುದು ಮೇಲು. ಬೆರಣಿ ತಟ್ಟಿ ಉರಿಸಿದರೆ ಮಾತ್ರ ಗೊಬ್ಬರ ನಿಜವಾಗಿಯೂ ಕೈಬಿಡುತ್ತದೆ.

ಪುರ ಗ್ರಾಮ ಕಲಿಸಿದ ಪಾಠ

ಊರಿಗೆಲ್ಲಾ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ನಡೆಸಿದ ಪ್ರಯೋಗ ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಉದ್ದೇಶ. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರುತ್ತೀರಿ. ಇದೇ ತಂಡ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಗ್ರಾಮವನ್ನು ಆರಿಸಿಕೊಂಡಿತು. ಆಗ ಅಲ್ಲಿ ಸುಮಾರು ನಾಲ್ಕೂವರೆ ನೂರು ಜನ, ಸುಮಾರು 250 ರಾಸುಗಳು.

ಮೊದಲ ಯೋಜನೆ ಅಡುಗೆ ಗ್ಯಾಸಿನದು. ಎಲ್ಲರ ಸಗಣಿಯನ್ನು ಒಂದೆಡೆ ಸೇರಿಸಿ ಎಲ್ಲರ ಮನೆಗೂ ಗ್ಯಾಸ್ ಕೊಡುವುದು. ಅದು ಕೈಗೂಡಲಿಲ್ಲ. ಸೇರಿದ ಸಗಣಿಯಿಂದ ಎಲ್ಲಾ ಮನೆಗಳ ಎರಡು ಹೊತ್ತಿನ ಅಡುಗೆಗೆ ಸಾಕಾಗುವಷ್ಟು ಗ್ಯಾಸ್ ಬರಲಿಲ್ಲ. ಒಂದು ಹೊತ್ತಿಗೆ ಗ್ಯಾಸ್, ಇನ್ನೊಂದು ಹೊತ್ತಿಗೆ ಸೌದೆ ಎಂದಾದರೆ ಸೌದೆ ತರುವ ಕೆಲಸ ತಪ್ಪಲಿಲ್ಲ. ಹೊಲ ಬೇಲಿಯಿಂದ ದುಡ್ಡು ಕೊಡದೆ ಸೌದೆ ಸಿಗುತ್ತಿರುವಾಗ, ಅರೆಹೊಟ್ಟೆಯ ಗ್ಯಾಸಿಗಾಗಿ ದಿನವೂ ಸಗಣಿ ಹೊರುವ ಉತ್ಸಾಹ ಯಾರಿಗಿರುತ್ತದೆ?

ಆಗ ತಂಡದವರು ಗ್ರಾಮಸ್ಥರೊಡನೆ ಕುಳಿತು ಕೇಳಿದರು: ನಿಮಗೆ ಮೊದಲು ಬೇಕಾದದ್ದು ಯಾವುದು? ಬಂದ ಉತ್ತರ ನೀರು. ಊರಿಗೆ ಕರೆಂಟಿನ ಕಂಬ ಬಂದಿತ್ತು, ಆದರೆ ಹಲವು ಮನೆಗಳಿಗೆ ಸಂಪರ್ಕವಿರಲಿಲ್ಲ, ವೋಲ್ಟೇಜಿಗೂ ಭರವಸೆ ಇರಲಿಲ್ಲ. ಹೀಗಾಗಿ 1987ರ ಸೆಪ್ಟೆಂಬರಿನಿಂದ ಗ್ಯಾಸನ್ನು ಒಲೆಗೆ ಬದಲು ಎಂಜಿನ್ನಿಗೆ ಕೊಡಲಾಯಿತು. ಸಣ್ಣ ಡೀಸೆಲ್ ಎಂಜಿನ್, ಬಹುಪಾಲು ಗ್ಯಾಸ್, ಸ್ವಲ್ಪ ಡೀಸೆಲ್. ಅದರಿಂದ ಹುಟ್ಟಿದ ಕರೆಂಟಿನಲ್ಲಿ ಕೊಳವೆಬಾವಿಯ ನೀರು ಮೇಲೆ ಬಂದು ಬೀದಿ ನಲ್ಲಿಗಳಿಗೆ ಹರಿಯಿತು, ಮನೆಗಳಿಗೆ ಟ್ಯೂಬ್‌ಲೈಟ್ ಬಂತು.

ಇಷ್ಟಕ್ಕೇ ನಿಂತಿದ್ದರೆ ಅದೊಂದು ಯಂತ್ರದ ಕಥೆಯಾಗುತ್ತಿತ್ತು. ನಾವು ನೋಡಬೇಕಾದದ್ದು ಅವರ ವ್ಯವಸ್ಥೆಯನ್ನು. ಪ್ರತಿ ಮನೆಯಿಂದ ಬಂದ ಸಗಣಿಯನ್ನು ಘಟಕದ ಬಾಗಿಲಲ್ಲಿ ತೂಗಿ ಬರೆದುಕೊಳ್ಳುತ್ತಿದ್ದರು. ತಂದವರಿಗೆ ಕೆ.ಜಿ.ಗೆ ಎರಡು ಪೈಸೆ ಸಾಗಣೆ ಕೂಲಿ ಸಿಗುತ್ತಿತ್ತು. ಬಹುಪಾಲು ಇದು ಹೆಂಗಸರು, ಮಕ್ಕಳ ಕೈಸೇರಿತು. ಗ್ಯಾಸ್ ತೆಗೆದ ಬಗ್ಗಡವನ್ನು ಮರಳಿನ ಹಾಸಿನಲ್ಲಿ ಸೋಸಿ, ಕೊಟ್ಟ ಸಗಣಿಯ ಪ್ರಮಾಣಕ್ಕೆ ತಕ್ಕಂತೆ ಆಯಾ ಮನೆಗೆ ಹಿಂದಿರುಗಿಸುತ್ತಿದ್ದರು. ಘಟಕ ನಡೆಸಿದವರು ಊರಿನ ಯುವಕರೇ. ಗ್ರಾಮ ವಿಕಾಸ ಸಭೆ ಎಂಬ ಊರಿನ ಸಮಿತಿ ಮೇಲ್ವಿಚಾರಣೆ ನೋಡಿಕೊಳ್ಳುತ್ತಿತ್ತು. ನೀರು, ದೀಪಕ್ಕೆ ಮನೆಗಳವರು ಹಣ ಕಟ್ಟುತ್ತಿದ್ದರು.

ಹಾಲು ಸಂಘದ ಸದಸ್ಯರಿಗೆ ಇದರಲ್ಲಿ ಹೊಸದೇನಿದೆ? ಬಾಗಿಲಲ್ಲಿ ಅಳತೆ, ಎಲ್ಲರಿಗೂ ಕಾಣುವ ಪುಸ್ತಕ, ಹಾಕಿದಷ್ಟಕ್ಕೆ ತಕ್ಕ ಪ್ರತಿಫಲ, ಊರಿನವರದೇ ಆಡಳಿತ. ಇದೇ ನಮ್ಮ ಸಂಘದ ಪದ್ಧತಿ. ಸಗಣಿ ಹಾಕದವನಿಗೆ ಗೊಬ್ಬರವಿಲ್ಲ, ಎಲ್ಲರೂ ಹಾಕದಿದ್ದರೆ ನಲ್ಲಿಯಲ್ಲಿ ನೀರಿಲ್ಲ. ತನ್ನ ಲಾಭವೂ ಊರಿನ ಲಾಭವೂ ಒಂದೇ ದಾರಿಯಲ್ಲಿದ್ದುದರಿಂದ ಪುರ ಗ್ರಾಮದ ಘಟಕ ವರ್ಷಗಟ್ಟಲೆ ನಡೆಯಿತು. ಇಂದು ಅದು ಚಾಲನೆಯಲ್ಲಿಲ್ಲ. ಒಂದೂರಿನಲ್ಲಿ ತಜ್ಞರ ಕಣ್ಣೆದುರು ನಡೆದದ್ದನ್ನು ಊರೂರಿಗೆ ಹರಡಿ ಉಳಿಸಿಕೊಳ್ಳಲು ಎಂಜಿನ್ ಸಾಲದು, ಗಟ್ಟಿಯಾದ ಸ್ಥಳೀಯ ಸಂಸ್ಥೆ ಬೇಕು ಎಂಬುದನ್ನೂ ಈ ಪ್ರಯೋಗದಿಂದ ಕಲಿಯಬೇಕು.

ಮೊದಲು ಲೆಕ್ಕ, ಆಮೇಲೆ ಘಟಕ

ಪುರದ ಮೊದಲ ಯೋಜನೆ ಏಕೆ ಕೈಗೂಡಲಿಲ್ಲ ಎಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಎಂಬತ್ತು ಮನೆ, ಇನ್ನೂರು ರಾಸುಗಳಿರುವ ಒಂದು ಊರು ಎಂದುಕೊಳ್ಳಿ. ಒಂದೊಂದು ರಾಸಿಗೆ ಸರಾಸರಿ ಹತ್ತು ಕೆ.ಜಿ. ಎಂದರೆ ಕಾಗದದ ಮೇಲೆ 2,000 ಕೆ.ಜಿ. ಸಗಣಿ. ಆದರೆ ಮೇಯಲು ಹೋಗುವ ದನಗಳ ಸಗಣಿ ಅರ್ಧ ಗೋಮಾಳದಲ್ಲಿ ಬೀಳುತ್ತದೆ. ಕೆಲವರು ತಿಪ್ಪೆ ಬಿಟ್ಟುಕೊಡುವುದಿಲ್ಲ. ಕೆಲವರ ಮನೆ ದೂರ. ಕೊನೆಗೆ ಘಟಕಕ್ಕೆ ಬರುವುದು 800 ಕೆ.ಜಿ. ಎಂದಿಟ್ಟುಕೊಳ್ಳೋಣ.

800 ಕೆ.ಜಿ. ಸಗಣಿಗೆ 32 ಘನ ಮೀಟರ್ ಗ್ಯಾಸ್. ಮನೆಗೆ ಒಂದೂಕಾಲು ಘನ ಮೀಟರಿನಂತೆ ಕೊಟ್ಟರೆ 25 ಮನೆಗಳ ಅಡುಗೆಗೆ ಮಾತ್ರ ಸಾಕು. ಉಳಿದ 55 ಮನೆಯವರು ಏನು ಮಾಡಬೇಕು? ಜಗಳ ಇಲ್ಲಿಂದಲೇ ಶುರು.

ಅದೇ ಗ್ಯಾಸಿನಿಂದ ಕರೆಂಟ್ ಮಾಡಿದರೆ ದಿನಕ್ಕೆ 40 ಯೂನಿಟ್. ಐದು ಅಶ್ವಶಕ್ತಿಯ ಪಂಪು ನಾಲ್ಕು ಗಂಟೆ ಓಡಲು ಸುಮಾರು 18 ಯೂನಿಟ್ ಸಾಕು. ಉಳಿದ 22 ಯೂನಿಟ್‌ನಲ್ಲಿ 20 ವ್ಯಾಟಿನ ನೂರು ಎಲ್.ಇ.ಡಿ. ಬೀದಿ ದೀಪಗಳು ಹನ್ನೊಂದು ಗಂಟೆ ಉರಿಯುತ್ತವೆ. ಅಷ್ಟೇ ಸಗಣಿ, ಅಷ್ಟೇ ಗ್ಯಾಸ್. ಒಂದು ಬಳಕೆಯಲ್ಲಿ ಊರಿನ ಮೂರರಲ್ಲಿ ಒಂದು ಪಾಲಿಗೂ ಸಾಲದು, ಇನ್ನೊಂದು ಬಳಕೆಯಲ್ಲಿ ಎಲ್ಲರಿಗೂ ತಲುಪುತ್ತದೆ.

ನಮ್ಮ ರಾಜ್ಯದ ಇಂದಿನ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಮನೆಬಳಕೆಯ ಕರೆಂಟು ಮಿತಿಯೊಳಗೆ ಉಚಿತವಾಗಿದೆ. ಹೀಗಿರುವಾಗ ಊರ ಘಟಕದ ಕರೆಂಟನ್ನು ಮನೆ ದೀಪಕ್ಕೆ ಹಣ ಪಡೆದು ಕೊಡುತ್ತೇವೆಂದರೆ ಯಾರೂ ಕೊಳ್ಳುವುದಿಲ್ಲ. ಪಂಚಾಯಿತಿಯು ಕಟ್ಟಬೇಕಾದ ನೀರಿನ ಪಂಪು ಮತ್ತು ಬೀದಿ ದೀಪದ ಬಿಲ್ಲು, ಸಂಘದ ಹಾಲು ಶೀತಲೀಕರಣದ ಖರ್ಚು, ಮೂರು ನಾಲ್ಕು ರಾಸುಗಳಿರುವ ಮನೆಗಳ ಅಡುಗೆ ಒಲೆ, ಉಳಿತಾಯ ಕಾಣುವ ಜಾಗಗಳು ಇವು. ಹೆಚ್ಚು ರಾಸುಗಳಿರುವ ಮನೆಗಳಿಗೆ ಸ್ವಂತ ದೀನಬಂಧು ಮಾದರಿ ಘಟಕವೇ ಸೂಕ್ತ. ಊರ ಘಟಕ ಎಲ್ಲಾ ಕಡೆಗೂ ಹೊಂದುವ ಮದ್ದಲ್ಲ.

ಪಂಚಾಯಿತಿ ಮುಂದೆ ಬಂದ ಎರಡು ಕಡೆ

ಇಂಧನದ ಕೆಲಸಕ್ಕೆ ಸಗಣಿಯೊಂದೇ ದಾರಿಯಲ್ಲ. ಗಾಳಿ, ಬಿಸಿಲು, ಮರ ಎಲ್ಲವೂ ಊರಿನ ಆಸ್ತಿ. ನೆರೆಯ ರಾಜ್ಯಗಳ ಎರಡು ಪಂಚಾಯಿತಿಗಳನ್ನು ನೋಡೋಣ.

ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಓಡಂತುರೈ ಗ್ರಾಮ ಪಂಚಾಯಿತಿಗೆ ನೀರು ಸರಬರಾಜಿನ ಕರೆಂಟ್ ಬಿಲ್ಲೇ ದೊಡ್ಡ ಹೊರೆಯಾಗಿತ್ತು. ಮೊದಲು ಸೌದೆಯಿಂದ ಅನಿಲ ತೆಗೆಯುವ ಸಣ್ಣ ಯಂತ್ರದಿಂದ ಕುಡಿಯುವ ನೀರಿನ ಪಂಪು ಓಡಿಸಿದರು. ಅನಂತರ 2006ರಲ್ಲಿ 350 ಕಿಲೋವ್ಯಾಟ್ ಸಾಮರ್ಥ್ಯದ ಗಾಳಿಯಂತ್ರವನ್ನು ಪಂಚಾಯಿತಿಯ ಹೆಸರಿನಲ್ಲೇ ಕೊಂಡರು. ಬೆಲೆ ಸುಮಾರು 1.55 ಕೋಟಿ ರೂಪಾಯಿ. ಸುಮಾರು 40 ಲಕ್ಷ ಪಂಚಾಯಿತಿಯ ಸ್ವಂತ ಉಳಿತಾಯ, ಉಳಿದದ್ದು ಬ್ಯಾಂಕ್ ಸಾಲ. ಯಂತ್ರವನ್ನು ತಮ್ಮ ಊರಿನಲ್ಲೇ ನಿಲ್ಲಿಸಬೇಕೆಂದು ಹಟ ಹಿಡಿಯದೆ, ಗಾಳಿ ಚೆನ್ನಾಗಿ ಬೀಸುವ ಕಡೆ ನಿಲ್ಲಿಸಿದರು. ತಯಾರಾದ ಕರೆಂಟು ಪಂಚಾಯಿತಿಯ ಸ್ವಂತ ಅಗತ್ಯಕ್ಕಿಂತ ಹೆಚ್ಚಾಯಿತು. ಉಳಿದದ್ದು ರಾಜ್ಯದ ವಿದ್ಯುತ್ ಸಂಸ್ಥೆಗೆ ಮಾರಾಟವಾಗಿ ಸಾಲ ತೀರಿಸಲು ನೆರವಾಯಿತು. ಇಲ್ಲಿ ಗಮನಿಸಬೇಕಾದದ್ದು, ಸಾಲಕ್ಕೆ ಮೊದಲು ಉಳಿತಾಯವಿತ್ತು. ತೆರಿಗೆ ವಸೂಲಾಗದ ಪಂಚಾಯಿತಿಗೆ ಯಾವ ಬ್ಯಾಂಕೂ ಒಂದು ಕೋಟಿ ಕೊಡುವುದಿಲ್ಲ.

ಎರಡನೆಯದು ನಮ್ಮ ಗಡಿಗೆ ಅಂಟಿಕೊಂಡಿರುವ ಕೇರಳದ ವಯನಾಡು ಜಿಲ್ಲೆಯ ಮೀನಂಗಾಡಿ. ಊರಿನಿಂದ ಹೊರಬೀಳುವ ಇಂಗಾಲವೆಷ್ಟು, ಊರಿನ ಮರ ಮಣ್ಣು ಹೀರುವುದೆಷ್ಟು ಎಂದು ಲೆಕ್ಕ ಹಾಕಿ ಎರಡನ್ನೂ ಸಮ ಮಾಡುವ ಕಾರ್ಯಕ್ರಮವನ್ನು ಈ ಪಂಚಾಯಿತಿ 2016ರಲ್ಲಿ ಕೈಗೊಂಡಿತು. ಮರ ಉಳಿಸಲು ಅವರು ಹಿಡಿದ ದಾರಿ ಸಹಕಾರಿಗಳಿಗೆ ಇಷ್ಟವಾಗುವಂಥದು. ರೈತ ತನ್ನ ಜಮೀನಿನಲ್ಲಿ ನೆಟ್ಟ ಮರವನ್ನು ಅಡವಿಟ್ಟರೆ, ಸ್ಥಳೀಯ ಸಹಕಾರಿ ಬ್ಯಾಂಕು ಒಂದು ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಮರ ಕಡಿದರೆ ಮಾತ್ರ ಸಾಲ ತೀರಿಸಬೇಕು. ಪಂಚಾಯಿತಿ ಯೋಜನೆ ಮಾಡಿತು, ಹಣದ ವ್ಯವಹಾರವನ್ನು ಸಹಕಾರಿ ಬ್ಯಾಂಕು ನೋಡಿಕೊಂಡಿತು. ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಲು ಹೋಗಲಿಲ್ಲ.

ಸಹಕಾರ ಸಂಘ ಮುಂದೆ ಬಂದ ಎರಡು ಕಡೆ

ಹಾಲಿನ ಸಹಕಾರ ಚಳವಳಿಗೆ 1946ರಲ್ಲಿ ಬುನಾದಿ ಹಾಕಿದ ಗುಜರಾತಿನ ಖೇಡಾ ಸೀಮೆಯಲ್ಲೇ ಇಂಧನದ ಹೊಸ ಪ್ರಯೋಗಗಳೂ ನಡೆದಿವೆ.

ಖೇಡಾ ಜಿಲ್ಲೆಯ ಧುಂಡಿ ಎಂಬ ಊರಿನಲ್ಲಿ ಆರು ಮಂದಿ ರೈತರು ಸೇರಿ ಸೌರಶಕ್ತಿ ಉತ್ಪಾದಕರ ಸಹಕಾರ ಸಂಘ ಕಟ್ಟಿದರು. ಹೊಲಗಳಲ್ಲಿ ಸೌರ ಪಂಪು ಹಾಕಿ, ನೀರೆತ್ತಿ ಉಳಿದ ಕರೆಂಟನ್ನು ಒಟ್ಟುಗೂಡಿಸಿ, ಒಂದೇ ಮೀಟರಿನ ಮೂಲಕ 2016ರಿಂದ ವಿದ್ಯುತ್ ಕಂಪನಿಗೆ ಮಾರತೊಡಗಿದರು. ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ 25 ವರ್ಷಗಳ ಒಪ್ಪಂದವಾಯಿತು. ಪ್ರತಿಯೊಬ್ಬ ಹಾಕಿದ ಯೂನಿಟ್ ಬೇರೆ ಬೇರೆ ಬರೆದಿಟ್ಟು ಸಂಘ ಹಣ ಹಂಚುತ್ತದೆ. ಹಾಲಿನಂತೆಯೇ ಕರೆಂಟು ಕೂಡಾ ಸಂಘಕ್ಕೆ ಹಾಕುವ ಮಾಲು.

ಇದರ ಒಂದು ಗುಣವನ್ನು ವಿಶೇಷವಾಗಿ ಗಮನಿಸಬೇಕು. ಪಂಪಿಗೆ ಕರೆಂಟು ಪುಕ್ಕಟೆಯಾದರೆ ಅಂತರ್ಜಲ ಬತ್ತುವವರೆಗೂ ಮೋಟಾರು ಓಡುತ್ತದೆ. ಮೋಟಾರು ನಿಲ್ಲಿಸಿದರೆ ದುಡ್ಡು ಬರುತ್ತದೆ ಎಂದಾದರೆ ರೈತ ತಾನಾಗಿಯೇ ಬೆಳೆಗೆ ಬೇಕಾದಷ್ಟೇ ನೀರು ಬಿಡುತ್ತಾನೆ.

ಪಕ್ಕದ ಆಣಂದ್ ಜಿಲ್ಲೆಯ ಜಕರಿಯಾಪುರ ಮತ್ತು ಮುಜಕುವಾ ಊರುಗಳಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ನೆರವಿನಿಂದ ಹಾಲು ಉತ್ಪಾದಕರ ಮನೆಗಳ ಹಿತ್ತಿಲಲ್ಲಿ ಎರಡು ಘನ ಮೀಟರಿನ ಸಣ್ಣ ಘಟಕಗಳನ್ನು ಹಾಕಿಸಲಾಯಿತು. ಗ್ಯಾಸು ಅವರವರ ಒಲೆಗೆ. ಹೊಲಕ್ಕೆ ಬಳಸಿ ಉಳಿದ ಬಗ್ಗಡವನ್ನು ಕೊಂಡು ಗೊಬ್ಬರವಾಗಿ ಮಾಡುವ ವ್ಯವಸ್ಥೆಯಾಯಿತು. ಮುಜಕುವಾದಲ್ಲಿ ಮಹಿಳೆಯರದೇ ಗೊಬ್ಬರ ಸಹಕಾರ ಸಂಘ ಸ್ಥಾಪನೆಯಾಯಿತು. ಸಗಣಿ ಬಾಚುವವರು, ಘಟಕಕ್ಕೆ ಕಲಸಿ ಹಾಕುವವರು ಬಹುತೇಕ ಹೆಂಗಸರೇ ಆಗಿರುವಾಗ ಹಣವೂ ಅವರ ಖಾತೆಗೇ ಹೋಗುವುದು ನ್ಯಾಯ.

ಗುಜರಾತಿನ ಮಾತೇಕೆ, ಸಹಕಾರ ಸಂಘವೊಂದು ಕರೆಂಟು ಹಂಚುವ ಉದಾಹರಣೆ ನಮ್ಮ ಬೆಳಗಾವಿ ಜಿಲ್ಲೆಯಲ್ಲೂ ಇದೆ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲೇ ಸ್ಥಾಪನೆಯಾದದ್ದು.

ಪಂಚಾಯಿತಿಗೆ ಅಧಿಕಾರವಿದೆಯೇ?

ಇದೆ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹನ್ನೊಂದನೇ ಅನುಸೂಚಿಯಲ್ಲಿ ಪಟ್ಟಿ ಮಾಡಲಾಯಿತು. ಅದರಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆ, ಕುಡಿಯುವ ನೀರು, ಇಂಧನ ಮತ್ತು ಮೇವು, ಗ್ರಾಮೀಣ ವಿದ್ಯುದೀಕರಣ, ಅಸಾಂಪ್ರದಾಯಿಕ ಇಂಧನ ಮೂಲಗಳು, ಈ ಐದೂ ಸೇರಿವೆ. ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮವೂ 1993ರದೇ. ಕೊಟ್ಟಿಗೆ, ಒಲೆ, ನಲ್ಲಿ, ದೀಪ ಒಂದೇ ಪಟ್ಟಿಯಲ್ಲಿ ಇರುವಾಗ ಇವನ್ನು ಒಟ್ಟಾಗಿ ಯೋಚಿಸಲು ಕಾನೂನು ಅಡ್ಡಿಯಲ್ಲ.

ಕೇಂದ್ರ ಸರ್ಕಾರ 2018ರಲ್ಲಿ ಗೋಬರ್‌ಧನ್ ಕಾರ್ಯಕ್ರಮ ಆರಂಭಿಸಿತು. ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೇ ಹಂತದಲ್ಲಿ ಸಮುದಾಯ ಗೋಬರ್ ಗ್ಯಾಸ್ ಘಟಕಗಳಿಗಾಗಿ ಜಿಲ್ಲೆಗೆ 50 ಲಕ್ಷ ರೂಪಾಯಿವರೆಗೆ ಅವಕಾಶ ಮಾಡಲಾಯಿತು. ಸಹಾಯಧನದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಅರ್ಜಿಗೆ ಮುನ್ನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ಮತ್ತು ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳಿ. ಯಾವ ಕೆಲಸವೇ ಆಗಲಿ, ಗ್ರಾಮಸಭೆಯಲ್ಲಿ ಬೇಡಿಕೆ ದಾಖಲಾಗಿ ಪಂಚಾಯಿತಿಯ ವಾರ್ಷಿಕ ಯೋಜನೆಗೆ ಸೇರಬೇಕು. ಸಭೆಗೆ ಹೋಗದೆ ಆಮೇಲೆ ದೂರುವುದರಿಂದ ಪ್ರಯೋಜನವಿಲ್ಲ.

ನಿಮ್ಮ ಊರಿನಲ್ಲಿ ಎಲ್ಲಿಂದ ಆರಂಭಿಸಬೇಕು?

1. ಸಗಣಿ ಗಣತಿ ಮಾಡಿ. ಹತ್ತು ಹನ್ನೆರಡು ಮನೆಗಳಲ್ಲಿ ಒಂದು ವಾರ ಸಗಣಿ ತೂಗಿ ಬರೆಯಿರಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ. ರಾಸುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ ಬರೆದ ಅಂಕಿಯನ್ನು ನಂಬಬೇಡಿ.

2. ನೀರು ನೋಡಿ. ಸಗಣಿಯಷ್ಟೇ ನೀರು ದಿನವೂ ಬೇಕು. ಕೊಟ್ಟಿಗೆ ತೊಳೆದ ನೀರು ಬಳಸಬಹುದು, ಆದರೆ ಫಿನಾಯಿಲ್, ಸೋಪು ಬೆರೆತ ನೀರು ಕೂಡದು.

3. ಊರಿಗೆ ಮೊದಲು ಬೇಕಾದದ್ದನ್ನು ಕೇಳಿ. ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳುವುದು ಒಳ್ಳೆಯದು. ದನವಿಲ್ಲದ ಮನೆಗಳನ್ನೂ ಕೇಳಿ.

4. ಪಂಚಾಯಿತಿಯ ಕರೆಂಟ್ ಬಿಲ್ಲು ತೆಗೆದು ನೋಡಿ. ಪಂಪಿಗೆಷ್ಟು, ದೀಪಕ್ಕೆಷ್ಟು ಎಂದು ಬಿಡಿಸಿ ಬರೆಯಿರಿ. ಸೋರುವ ಕೊಳವೆ, ಹಗಲೂ ಉರಿಯುವ ಬೀದಿ ದೀಪ ಸರಿಮಾಡುವುದೇ ಅಗ್ಗದ ವಿದ್ಯುತ್ ಯೋಜನೆ.

5. ಸಂಘದ ಕಟ್ಟಡದ ಚಾವಣಿ ನೋಡಿ. ಒಂದು ಕಿಲೋವ್ಯಾಟ್ ಸೌರ ಫಲಕಕ್ಕೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ. ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುವ ಶೀತಲೀಕರಣ ಘಟಕವಿದ್ದರೆ ಸ್ವಲ್ಪ ಮಟ್ಟಿಗೆ ಡೀಸೆಲ್ ಉಳಿಸಬಹುದು.

6. ಜವಾಬ್ದಾರಿ ಹಂಚಿಕೊಳ್ಳಿ. ಜಾಗ, ಮಂಜೂರಾತಿ, ನೀರಿನ ಕೊಳವೆ ಪಂಚಾಯಿತಿಯದು. ತೂಕ, ಪುಸ್ತಕ, ಬಟವಾಡೆ ಸಂಘದ್ದು. ಇಬ್ಬರ ನಡುವೆ ಬರವಣಿಗೆಯ ಒಪ್ಪಂದವಿರಲಿ.

7. ದುರಸ್ತಿ ನಿಧಿ ಇಡಿ. ಘಟಕ ಕಟ್ಟಲು ಸಹಾಯಧನ ಸಿಗುತ್ತದೆ. ಐದನೇ ವರ್ಷ ಎಂಜಿನ್ ಕೆಟ್ಟಾಗ ಯಾರೂ ಬರುವುದಿಲ್ಲ. ಮೊದಲ ತಿಂಗಳಿನಿಂದಲೇ ಸ್ವಲ್ಪ ಹಣ ಬೇರೆ ಖಾತೆಗೆ ಹಾಕಬೇಕು.

ಎಚ್ಚರಿಕೆಯ ಮಾತುಗಳು

ಘಟಕದ ತೊಟ್ಟಿಯೊಳಗೆ ಯಾವ ಕಾರಣಕ್ಕೂ ಇಳಿಯಬಾರದು. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ವಿಷಾನಿಲವಿರುತ್ತದೆ. ಒಬ್ಬ ಬಿದ್ದನೆಂದು ಇನ್ನೊಬ್ಬ ಇಳಿದರೆ ಇಬ್ಬರ ಪ್ರಾಣವೂ ಹೋಗುತ್ತದೆ. ತೊಟ್ಟಿ ಸ್ವಚ್ಛತೆ ಯಂತ್ರದಿಂದ, ಪರಿಣತರ ಸಮ್ಮುಖದಲ್ಲೇ ಆಗಬೇಕು. ಹೊರತೊಟ್ಟಿಗೆ ಮುಚ್ಚಳ, ಸುತ್ತ ಬೇಲಿ ಇರಲಿ, ಮಕ್ಕಳು ಓಡಾಡುವ ಜಾಗವದು.

ಕೊಳವೆ ಸೋರುತ್ತಿದೆಯೇ ಎಂದು ಬೆಂಕಿಕಡ್ಡಿ ಗೀರಿ ನೋಡಬೇಡಿ. ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಸೋರುವ ಘಟಕದಿಂದ ಮನೆಗೂ ಅಪಾಯ, ಹವಾಮಾನಕ್ಕೂ ಕೇಡು. ಹೊರಹೋದ ಮೀಥೇನ್ ಉರಿದ ಗ್ಯಾಸಿಗಿಂತ ಎಷ್ಟೋ ಪಟ್ಟು ಕೆಟ್ಟದ್ದು ಎಂಬುದನ್ನು ಮೇಲೆ ತಿಳಿದಿದ್ದೇವೆ. ಕೆಟ್ಟು ನಿಂತ ಘಟಕಕ್ಕಿಂತ ಗಾಳಿಯಾಡುವ ಒಳ್ಳೆಯ ತಿಪ್ಪೆಯೇ ವಾಸಿ.

ಇನ್ನೊಂದು ವಿಷಯ. ಬೀದಿಯಲ್ಲಿ, ಗೋಮಾಳದಲ್ಲಿ ಸಗಣಿ ಆಯ್ದು ಬೆರಣಿ ತಟ್ಟಿ ಒಲೆ ಉರಿಸುವ ಬಡ ಹೆಂಗಸರು ಊರಿನಲ್ಲಿ ಇರುತ್ತಾರೆ. ಸಗಣಿಗೆ ಬೆಲೆ ಬಂದ ದಿನ ಅವರ ಇಂಧನ ತಪ್ಪಿಹೋಗುತ್ತದೆ. ಆಯ್ದು ತಂದವರ ಸಗಣಿಯನ್ನೂ ಘಟಕದಲ್ಲಿ ತೂಗಿ ಹಣ ಕೊಡಬೇಕು, ನೀರು ದೀಪಗಳ ಸೌಲಭ್ಯ ಅವರ ಕೇರಿಗೂ ಮೊದಲ ದಿನದಿಂದಲೇ ಮುಟ್ಟಬೇಕು. ಹತ್ತು ಹಸು ಇರುವವನ ಮನೆಗೆ ಮಾತ್ರ ಬೆಳಕು ಕೊಡುವ ಘಟಕವನ್ನು ಊರಿನ ಘಟಕ ಎನ್ನಲಾಗದು.

ಸಂಘದ ಸಭೆಯಲ್ಲಿ ಚರ್ಚಿಸಲು

ಅ) ನಮ್ಮ ಊರಿನಲ್ಲಿ ಈಗಾಗಲೇ ಕಟ್ಟಿದ ಗೋಬರ್ ಗ್ಯಾಸ್ ಘಟಕಗಳೆಷ್ಟು? ಅವುಗಳಲ್ಲಿ ನಡೆಯುತ್ತಿರುವುದೆಷ್ಟು? ನಿಂತವುಗಳು ಏಕೆ ನಿಂತವು?

ಆ) ಊರಿನ ಸಗಣಿಯನ್ನು ಒಂದೆಡೆ ಸೇರಿಸುವುದು ಲಾಭವೋ, ಮನೆಮನೆಗೆ ಸಣ್ಣ ಘಟಕ ಲಾಭವೋ?

ಇ) ಪಂಚಾಯಿತಿಯ ವಿದ್ಯುತ್ ಬಿಲ್ಲು ತಿಂಗಳಿಗೆ ಎಷ್ಟು? ಬಾಕಿ ಎಷ್ಟು?

ಈ) ಮುಂದಿನ ಗ್ರಾಮಸಭೆಯಲ್ಲಿ ಸಂಘದ ಪರವಾಗಿ ಈ ವಿಷಯ ಮಂಡಿಸುವವರು ಯಾರು?

ಸದಸ್ಯ ಬಂಧುಗಳೇ, ಹಾಲು ಸಂಘ ಹುಟ್ಟುವ ಮೊದಲು ನಮ್ಮ ಹಾಲಿಗೂ ಲೆಕ್ಕವಿರಲಿಲ್ಲ. ದಲ್ಲಾಳಿ ಹೇಳಿದ್ದೇ ಅಳತೆ, ಕೊಟ್ಟದ್ದೇ ಬೆಲೆ. ಅಳೆಯುವ ಪಾತ್ರೆ ನಮ್ಮ ಕೈಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ಇಂಧನದ ವಿಷಯದಲ್ಲೂ ಮೊದಲ ಕೆಲಸ ತಕ್ಕಡಿಯದೇ. ಈ ತಿಂಗಳು ನಿಮ್ಮ ಕೊಟ್ಟಿಗೆಯ ಸಗಣಿಯನ್ನು ಏಳು ದಿನ ತೂಗಿ, ಆ ಅಂಕಿಯನ್ನು ಸಂಘದ ಕಾರ್ಯದರ್ಶಿಯವರಿಗೆ ಬರೆಸಿ. ಮುಂದಿನ ಮಾತು ಆ ಪುಸ್ತಕವನ್ನು ತೆರೆದಿಟ್ಟುಕೊಂಡು ಆಡೋಣ.